ಡ್ರಮ್ಮಿಗಾಗಿ ಓಡಿಸಿದ ಮಗ್ಗ

ಗಿಟಾರ್ ಬಾರಿಸುವವನು ಡ್ರಮ್ ಬರೆಯಲು ಕೂತರೆ ಮೊದಲು ಹುಟ್ಟುವುದು ಒಬ್ಬ ರಾಕ್ಷಸ. ಅವನಿಗೆ ಕೈ ಹೆಚ್ಚು, ಕಾಲು ಹೆಚ್ಚು, ಉಸಿರು ಮಾತ್ರ ಇಲ್ಲ. ಲ್ಯಾಪ್‌ಟಾಪಿನ ಪರದೆಯ ಮೇಲೆ ಚೌಕುಳಿ ಮನೆಗಳ ಸಾಲುಗಳಿರುತ್ತವೆ. ಯಾವ ಮನೆ ಒತ್ತಿದರೂ ಅಲ್ಲೊಂದು ಪೆಟ್ಟು ಬೀಳುತ್ತದೆ. ಕೆಳಗಿನ ಸಾಲು ಕಾಲಿನಿಂದ ಒದೆಯುವ ದೊಡ್ಡ ಡ್ರಮ್, ಅದರ ಮೇಲಿನದು ಕೋಲಿನಿಂದ ಚಟ್ ಎಂದು ಬಾರಿಸುವ ಸ್ನೇರ್, ಅದಕ್ಕೂ ಮೇಲೆ ಹಿತ್ತಾಳೆಯ ತಟ್ಟೆಗಳು. ಒತ್ತಲು ರಟ್ಟೆಯ ಬಲ ಬೇಡ, ದಣಿವು ಇಲ್ಲ, ಹೀಗಾಗಿ ಕಂಡಲ್ಲೆಲ್ಲ ಒತ್ತುತ್ತ ಹೋಗುತ್ತೇವೆ. ಗಿಟಾರಿನ ಪ್ರತಿ ತಿರುವಿಗೂ ಒಂದು ಪೆಟ್ಟು, ಹಾಡಿನ ಪ್ರತಿ ಸಾಲಿನ ಕೊನೆಗೂ ಒಂದು ಗದ್ದಲ.

ಮುಧೋಳದ ಡ್ರಮ್ಮರ್ ಒಬ್ಬ ಸ್ವಲ್ಪ ಕಾಲ ನಮ್ಮ ಜೊತೆ, ಎಂದರೆ ನನ್ನ ಮತ್ತು ಹಾಡುವ ಗೆಳೆಯನ ಜೊತೆ, ಇದ್ದ. ಮದುವೆ ಸೀಸನ್ನಿನಲ್ಲಿ ಬ್ಯಾಂಡಿನವರು ಕರೆದುಕೊಂಡು ಹೋದ ಮೇಲೆ ಹಿಂತಿರುಗಿ ನೋಡಲಿಲ್ಲ. ಹೋಗುವ ಮೊದಲು ನಾನು ಬರೆದದ್ದನ್ನು ಕೇಳಿ ಅವನು ಹೇಳಿದ ಮಾತು ಇದು: "ಲೇ, ಎಷ್ಟ ಕೈ ಅದಾವಲೇ ಇವಂಗ? ಎರಡೂ ಕೈ ತಾಟಿನ ಮ್ಯಾಲ ಅದಾವ. ಸ್ನೇರ್ ಯಾರ ಹೊಡೀಬೇಕು, ನಾನ ಮುಧೋಳದಿಂದ ಬಂದ ಹೊಡೀಲೇನು?"

ಬೈದು ಹೋದವನ ಮೇಲಿನ ಸಿಟ್ಟಿನಲ್ಲೇ ಕಲಿತೆ. ಒಂದು ಕೈ ಸ್ನೇರಿಗೆ ಬೀಳುವಾಗ ಆ ಕೈಯ ತಟ್ಟೆಯ ಪೆಟ್ಟನ್ನು ಅಳಿಸಬೇಕು. ಎಲ್ಲ ಪೆಟ್ಟಿಗೂ ಒಂದೇ ಜೋರು ಇಟ್ಟರೆ ಗೋಡೆಗೆ ಮೊಳೆ ಬಡಿದ ಹಾಗೆ ಕೇಳುತ್ತದೆ. ಒಂದನ್ನು ಜೋರು ಮಾಡಿದರೆ ಪಕ್ಕದ್ದನ್ನು ಮೆತ್ತಗೆ ಮಾಡಬೇಕು. ಸ್ನೇರನ್ನು ಮನೆಯ ನಡುವಿನಿಂದ ಕೂದಲೆಳೆಯಷ್ಟು ಹಿಂದೆ ಸರಿಸಬೇಕು, ಆಗ ಹಾಡಿಗೆ ಅವಸರ ಹೋಗುತ್ತದೆ. ಹಾಡು ಬರೆಯುವುದಕ್ಕಿಂತ ಹೆಚ್ಚು ಹೊತ್ತು ನಾನು ಈ ಸರಿಸುವುದರಲ್ಲೇ ಕಳೆದಿದ್ದೇನೆ.

ನನ್ನ ಕೋಣೆ ಬನಹಟ್ಟಿಯಲ್ಲಿ, ಅಣ್ಣನ ಮಗ್ಗದ ಶೆಡ್ಡಿನ ಮೇಲೆ. ಕೆಳಗೆ ನಾಲ್ಕು ವಿದ್ಯುತ್ ಮಗ್ಗಗಳು, ಮಹಾರಾಷ್ಟ್ರದ ಕಡೆಯಿಂದ ತಂದ ಹಳೆಯ ಮಾಲು. ನೂಲು, ಸೀರೆ, ರಬಕವಿಯ ವ್ಯಾಪಾರಿಗಳು ಅಣ್ಣನ ಪಾಲು. ಮಗ್ಗದ ಮುಂದೆ ನಿಲ್ಲುವುದು ಅತ್ತಿಗೆ. ಮಗ್ಗ ಓಡುವಾಗ ನನ್ನ ನೆಲ ನಡುಗುತ್ತದೆ, ಲೋಟದ ನೀರಿನಲ್ಲಿ ಉಂಗುರಗಳು ಏಳುತ್ತವೆ. ಮೈಕಿನ ಮುಂದೆ ಗಿಟಾರ್ ಬಾರಿಸಬೇಕೆಂದರೆ ನಾನು ಕರೆಂಟ್ ಹೋಗುವುದನ್ನೇ ಕಾಯುತ್ತೇನೆ. ಕರೆಂಟ್ ಹೋಯಿತೆಂದು ಇಡೀ ಓಣಿ ಶಪಿಸುವಾಗ ನಾನೊಬ್ಬ ಬ್ಯಾಟರಿಯ ಮೇಲೆ ಲ್ಯಾಪ್‌ಟಾಪ್ ತೆರೆದು ಖುಷಿಯಿಂದ ತಂತಿ ಬಿಗಿಯುತ್ತಿರುತ್ತೇನೆ. ಅಣ್ಣನಿಗೆ ಇದು ಗೊತ್ತು. "ನಮ್ಮ ಹೊಟ್ಟಿ ಮ್ಯಾಲ ಕಲ್ಲ ಬಿದ್ರ ಇವಂಗ ಹಬ್ಬ" ಎಂದು ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾನೆ.

ಹಾಡುವವನು ಜಮಖಂಡಿಯವನು, ಕಾಲೇಜಿನಲ್ಲಿ ನನ್ನ ಜೊತೆ ಬಿ.ಎಸ್ಸಿ. ಓದಿದವನು. ಈಗ ಬೀಳಗಿಯಲ್ಲಿ ಅತಿಥಿ ಉಪನ್ಯಾಸಕ. ರಜೆ ಸಿಕ್ಕಾಗ ಲೋಕಾಪುರದ ಮೇಲೆ ಬೈಕ್ ಹೊಡೆದುಕೊಂಡು ಬರುತ್ತಾನೆ. ಪದ ಅವನದು, ಕಂಠ ಅವನದು, ಉಳಿದದ್ದೆಲ್ಲ ನನ್ನದು. ಕಂಠ ಛಲೋ ಇದೆ, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆ ಕಂಠವೇ ಅವನನ್ನು ಕೆಡಿಸಿತು. ತಾನು ಕಣ್ಣು ಮುಚ್ಚಿದರೆ ಜಗತ್ತು ಕೇಳಿಸಿಕೊಳ್ಳಲು ನಿಲ್ಲುತ್ತದೆ ಎಂದು ನಂಬಿದ್ದ.

ಒಂದು ಸಲ ಅವನು ನೇಕಾರರ ಮೇಲೊಂದು ಹಾಡು ಬರೆದು ತಂದ. ನೇಕಾರರ ಮನೆಯಲ್ಲಿ ಹುಟ್ಟಿದವನು ನಾನು. ಹಾಡು ಹುಟ್ಟಿದ್ದು ಅವನಿಗೆ. ನಾನು ಅದಕ್ಕೆ ಗಿಟಾರ್ ಹಾಕಿ, ಡ್ರಮ್ ಬರೆದು, ಕೈಕಾಲು ಲೆಕ್ಕ ಹಾಕಿ ಹೆಚ್ಚಿನದನ್ನೆಲ್ಲ ಅಳಿಸಿ ಕೇಳಿಸಿದೆ. ಅವನು ಅರ್ಧಕ್ಕೇ ಹೆಡ್‌ಫೋನ್ ತೆಗೆದಿಟ್ಟ.

"ನಿನ್ನ ಡ್ರಮ್ ಹೆಣದಂಗ ಅದಾವಲೇ. ಕೆಳಗ ಜೀವಂತ ತಾಳ ಓಡಾಕತ್ತೇತಿ, ನೀ ಮ್ಯಾಲ ಕುಂತ ಹೆಣಕ್ಕ ಜಳಕಾ ಮಾಡಸಾಕತ್ತಿ."

"ಆ ಜೀವಂತ ತಾಳ ಕೇಳಿ ಕೇಳಿ ನನ್ನ ಕಿವಿ ಹೋಗ್ಯಾವ. ನೀ ಬೀಳಗಿಯಿಂದ ಬಂದ ಒಂದ ತಾಸ ಕೇಳಿ ಭಾವುಕ ಆಗಬ್ಯಾಡ."

"ಮಗ್ಗದ ಸಪ್ಪಳನ ಡ್ರಮ್ ಮಾಡೋಣ. ಖರೆ ಮಗ್ಗ, ಹಾಡಿನ ಮೊದಲಿಂದ ಕೊನೀತನ."

ನಾನು ನಕ್ಕೆ. ನಾಲ್ಕು ಮಗ್ಗ ಒಟ್ಟಿಗೆ ಓಡುವಲ್ಲಿ, ಅಕ್ಕಪಕ್ಕದ ಮನೆಗಳಲ್ಲಿ ಇನ್ನಷ್ಟು ಓಡುವಲ್ಲಿ, ಒಂದರ ದನಿಯನ್ನು ಹೇಗೆ ಹಿಡಿಯುತ್ತೀ ಎಂದು ಕೇಳಿದೆ. ಅದಕ್ಕೆ ಅವನು ಉತ್ತರ ಹುಡುಕಿಕೊಂಡೇ ಬಂದಿದ್ದ. ನಮ್ಮ ಓಣಿಯಲ್ಲಿ ಅಮಾವಾಸ್ಯೆಗೆ ಯಾರೂ ಮಗ್ಗ ಮುಟ್ಟುವುದಿಲ್ಲ. ಅವತ್ತು ಮಗ್ಗಕ್ಕೆ ಪೂಜೆ, ಮನೆಯಲ್ಲಿ ಹೋಳಿಗೆ, ಓಣಿಯಲ್ಲಿ ಬೇರೆ ಯಾವ ದಿನವೂ ಇರದ ಮೌನ. ಆ ಮೌನದಲ್ಲಿ ಒಂದೇ ಒಂದು ಮಗ್ಗ ಓಡಿಸಬೇಕೆಂಬುದು ಅವನ ಯೋಚನೆ.

ಅಮಾವಾಸ್ಯೆಯ ಮುಂಜಾನೆ ಬಂದವನೇ ಅಣ್ಣನನ್ನು ಕೇಳಿದ. ಅಣ್ಣ ಹಣೆಗೆ ವಿಭೂತಿ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದ.

"ಅಮಾಸಿ ದಿನ ಮಗ್ಗ ಹಚ್ಚೂದಿಲ್ಲರೀ ನಾವು. ನಮ್ಮಪ್ಪ ಹಚ್ಚಿಲ್ಲ, ನಾನೂ ಹಚ್ಚೂದಿಲ್ಲ."

"ನೇಯೂದ ಎಲ್ಲಿ ಬಂತರೀ ಅಣ್ಣಾರ? ಲಾಳ್ಯಾಗ ನೂಲ ಹಾಕೂದ ಬ್ಯಾಡ. ನೂಲ ಇಲ್ಲಂದ್ರ ಬಟ್ಟಿ ಇಲ್ಲ, ಬಟ್ಟಿ ಇಲ್ಲಂದ್ರ ನೇಯ್ಗಿ ಇಲ್ಲ. ಬರೇ ಸಪ್ಪಳ. ಸಪ್ಪಳಕ್ಕ ಯಾವ ಅಮಾಸಿ?"

ಅಣ್ಣನಿಗೆ ಇಂಥ ವಾದ ಎಂದರೆ ಇಷ್ಟ. ವ್ಯಾಪಾರದಲ್ಲಿ ತಾನೂ ಹೀಗೇ ಮಾತಾಡುವವನು. ಗಹಗಹಿಸಿ ನಕ್ಕು, "ಕಲ್ತವ್ರ ನಾಲಗಿ ನೋಡಲೇ ತಮ್ಮಾ, ನೀನೂ ಅಷ್ಟ ಓದೀದಿ, ಏನ್ ಬರ್ತೇತಿ ನಿನಗ?" ಎಂದು ನನ್ನತ್ತ ತಿರುಗಿದ. ಒಪ್ಪಿಗೆ ಆಗಿಹೋಗಿತ್ತು.

ಅತ್ತಿಗೆ ಒಳಗಿನಿಂದ ಹೂರಣದ ಕೈಯಲ್ಲೇ ಬಂದಳು. "ಹೋಳಗಿ ಬಿಟ್ಟ ನಿಮ್ಮ ಸಪ್ಪಳಕ್ಕ ನಾ ನಿಂದರಬೇಕೇನು?"

"ಒಂದ ಹಾಡಿನಷ್ಟ ಹೊತ್ತರೀ ಅಕ್ಕಾರ," ಎಂದ ಗಾಯಕ.

"ನಿಮ್ಮ ಹಾಡ ಮುಗಿಯೂದರಾಗ ನನ್ನ ಹೋಳಗಿ ಹೊತ್ತಿರತಾವ."

ಬೈಯುತ್ತಲೇ ಕೈ ತೊಳೆದುಕೊಂಡು ಬಂದಳು. ಬಾಗಿಲ ಬಳಿಯ ಮಗ್ಗವನ್ನು ಆರಿಸಿಕೊಂಡರು. ನೂಲಿಲ್ಲದಿದ್ದರೆ ಮಗ್ಗವನ್ನು ತಾನಾಗಿಯೇ ನಿಲ್ಲಿಸುವ ಒಂದು ಸಣ್ಣ ಕಡ್ಡಿ ಇರುತ್ತದೆ. ಅಣ್ಣ ಅದನ್ನು ದಾರದಿಂದ ಕಟ್ಟಿಹಾಕಿದ. ಎಳೆ ಹೊತ್ತು ಅತ್ತಿತ್ತ ಓಡುವ ಲಾಳಿಯೊಳಗಿನ ಕಂಡಿಕೆಯನ್ನು, ಎಂದರೆ ನೂಲಿನ ಸುರುಳಿಯನ್ನು, ತೆಗೆದಿಟ್ಟರು. ಮಗ್ಗ ಚಾಲೂ ಆಯಿತು. ಮೌನದ ಓಣಿಯಲ್ಲಿ ಆ ಒಂದೇ ಮಗ್ಗದ ದನಿ ಬೆತ್ತಲೆಯಾಗಿ ಕೇಳುತ್ತಿತ್ತು. ನಾನು ಗೋಡೆಯ ಕಡೆ ಮೈಕಿನ ಸ್ಟ್ಯಾಂಡ್ ಹಿಡಿದು ನಿಂತಿದ್ದೆ. ಗಾಯಕ ಹೆಡ್‌ಫೋನ್ ಹಾಕಿಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ.

ಸ್ವಲ್ಪ ಹೊತ್ತಿಗೆ ಅವನು ಕೈ ಎತ್ತಿ ನಿಲ್ಲಿಸಿದ. ಏನೋ ಗಿರ್ ಅನ್ನುತ್ತಿದೆ, ತಾಳದ ಮೇಲೆ ನೊಣ ಕೂತ ಹಾಗೆ ಇದೆ ಎಂದ. ಹುಡುಕಿದರೆ ಅದು ಮಗ್ಗದ ಮುಂದಿನ ಕಂಬಿ. ಮಗ್ಗದ ಉದ್ದಕ್ಕೂ ಅಡ್ಡವಾಗಿ ಇರುವ ತೆಳ್ಳನೆಯ ಕಬ್ಬಿಣದ ಕಂಬಿ ಅದು. ಲಾಳಿ ದಾರಿ ತಪ್ಪಿ ಮೇಲೆದ್ದರೆ ಅದಕ್ಕೆ ಬಡಿದು ಒಳಗೇ ಬೀಳಲಿ, ಹೊರಗೆ ಹಾರದಿರಲಿ ಎಂದು ಇರುವಂಥದ್ದು. ನಮ್ಮ ನಾಲ್ಕು ಮಗ್ಗಗಳಲ್ಲಿ ಅದು ಉಳಿದಿದ್ದದ್ದು ಇದೊಂದಕ್ಕೆ. ಹರಿದ ಎಳೆ ಕಟ್ಟುವಾಗ ಕೈಗೆ ಅಡ್ಡ ಬರುತ್ತದೆಂದು ಉಳಿದ ಮೂರಕ್ಕೆ ಯಾರೋ ಎಂದೋ ತೆಗೆದಿದ್ದರು.

"ಅಣ್ಣಾರ, ಇದನ್ನಷ್ಟ ಬಿಚ್ಚತೀರೇನು?"

"ಅದನ್ನ ಬಿಚ್ಚಬ್ಯಾಡ," ಎಂದೆ ನಾನು. "ಆ ಗಿರಗುಟ್ಟೂದನ್ನ ನಾ ಆಮ್ಯಾಲ ಲ್ಯಾಪ್‌ಟಾಪಿನ್ಯಾಗ ತಗೀತೇನಿ."

"ತಗದ್ರ ಅರ್ಧ ದನಿನೂ ಹೋಗತೈತಿ. ನಿನ್ನ ಕಂಪ್ಯೂಟರ್ ದುರಸ್ತಿ ಬ್ಯಾಡಂತನ ಇಲ್ಲಿಗೆ ಬಂದಿದ್ದ ನಾವು."

ಅಣ್ಣ ಆಗಲೇ ಪಾನಾ ಹಿಡಿದು ಬೋಲ್ಟು ಸಡಿಲಿಸುತ್ತಿದ್ದ. ಕಂಬಿಯನ್ನು ನೆಲದ ಮೇಲೆ ಹಾಕಿ, ಯಾರೋ ಕರೆದರೆಂದು ಹೊರಗೆ ಹೋದ. ಮಗ್ಗ ಮತ್ತೆ ಚಾಲೂ ಆಯಿತು.

ಮುಂದಿನದನ್ನು ನಾನು ಎಷ್ಟು ಸಲ ನೋಡಿದ್ದೇನೋ ಹೇಳಲಾರೆ. ಬಸ್ಸಿನಲ್ಲಿ ಕೂತಾಗ ನೋಡುತ್ತೇನೆ, ಊಟಕ್ಕೆ ಕೂತಾಗ ನೋಡುತ್ತೇನೆ. ಅತ್ತಿಗೆ ಮಗ್ಗದ ಬಲತುದಿಯಲ್ಲಿ ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು. ಲಾಳಿ ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ. ಒಲೆಯ ಮೇಲಿನದರ ಚಿಂತೆ ಅವಳಿಗೆ. ನನ್ನತ್ತ ಬಗ್ಗಿ, ಸದ್ದಿನ ಮೇಲೆ ಕೇಳಲೆಂದು ಬಾಯಿ ದೊಡ್ಡದು ಮಾಡಿ, "ಸಾಕೇನ?" ಎಂದಳು. ಬಗ್ಗುವ ಮೊದಲು ಅವಳ ಮುಖ ಎಲ್ಲಿತ್ತೋ ಆ ಜಾಗದಲ್ಲಿ ಲಾಳಿ ಹಾದುಹೋಯಿತು. ನಾನು ಅದನ್ನು ಕಂಡೆ ಎಂದರೆ ಸುಳ್ಳಾಗುತ್ತದೆ. ಒಂದು ಕಂದು ಗೆರೆ ಕಂಡೆ. ಆಮೇಲೆ ಗೋಡೆಯ ಗಾರೆ ಸಿಡಿದದ್ದು ಕಂಡೆ, ಲಾಳಿ ನೆಲಕ್ಕೆ ಬಿದ್ದು ಬುಗುರಿಯ ಹಾಗೆ ತಿರುಗಿದ್ದು ಕಂಡೆ. ಮಗ್ಗ ಧಡ್ ಎಂದು ನಿಂತಿತು.

ಲಾಳಿ ಎಂದರೆ ಗಟ್ಟಿ ಮರ. ಎರಡೂ ತುದಿಗೆ ಉಕ್ಕಿನ ಚೂಪು. ಗೋಡೆಯಲ್ಲಿ ಅದು ಮಾಡಿದ ತೂತಿಗೆ ನನ್ನ ಹೆಬ್ಬೆರಳು ಹೋಗುತ್ತಿತ್ತು.

ಮೊದಲು ಮಾತಾಡಿದವನು ಗಾಯಕ. ಹೆಡ್‌ಫೋನಿನೊಳಗೆ ಕಣ್ಣು ಮುಚ್ಚಿ ಕೂತಿದ್ದವನು ಕಣ್ಣು ತೆರೆದು, "ಯಾಕ ನಿಂತಿತ? ಭಾರಿ ಬರಾಕತ್ತಿತ್ತಲ್ಲ!" ಎಂದ.

ಅತ್ತಿಗೆ ಗೋಡೆಯನ್ನು ನೋಡಿದಳು, ಲಾಳಿಯನ್ನು ನೋಡಿದಳು, "ಯವ್ವಾ, ಹಾರೇ ಬಿಡ್ತಲ್ಲ ಇದು" ಎಂದು ನಕ್ಕಳು. ಆಮೇಲೆ ಹೋಳಿಗೆ ಎಂದು ಒಳಗೆ ಓಡಿದಳು. ಅಷ್ಟೇ. ನಾನು ಸ್ಟ್ಯಾಂಡನ್ನು ಗೋಡೆಗೆ ಒರಗಿಸಿ ಆ ತೂತಿನತ್ತ ನಡೆದೆ. ಅದನ್ನು ಕಂಡು ಗಾಯಕ, "ಮೈಕ್ ಹುಷಾರಲೇ" ಎಂದ.

ಅಣ್ಣ ಬಂದು ವಿಷಯ ಕೇಳಿದ. ಅವನ ಮುಖ ಬಿಳಿಚಿಕೊಂಡದ್ದು ಖರೆ, ಅವನು ಕಲ್ಲಲ್ಲ. ಆದರೆ ಅವನಿಗೆ ಕಾರಣ ಕೂಡಲೇ ಸಿಕ್ಕಿಬಿಟ್ಟಿತು. "ಅಮಾಸಿ ಅಂತ ಬಡಕೊಂಡ್ನಿಲ್ಲ ನಾ? ಕೇಳಿದ್ರೇನು?" ತೆಂಗಿನಕಾಯಿ ತಂದ, ಲಿಂಬೆಹಣ್ಣು ತಂದ. ಕಾಯಿ ಒಡೆದು ಮಗ್ಗಕ್ಕೆ ನೀರು ಚಿಮುಕಿಸಿ, ಲಿಂಬೆಹಣ್ಣು ಇಳಿತೆಗೆದು ಹೊರಗೆ ಎಸೆದು ಬಂದ. ಇದೆಲ್ಲ ಮಾಡುವಾಗ ನೆಲದ ಮೇಲಿನ ಕಂಬಿಯನ್ನು ಹೋಗುತ್ತ ದಾಟಿದ, ಬರುತ್ತ ದಾಟಿದ. ಗಾಯಕನೂ ಭಕ್ತಿಯಿಂದ ಕೈ ಮುಗಿದ.

"ಅಣ್ಣಾ, ಅಮಾಸಿದಲ್ಲ ಇದು. ನೂಲಿಲ್ಲದ ಲಾಳಿ ಹಗುರಾಗಿತ್ತು, ಪುಟದ ಎದ್ದೇತಿ. ಕಂಬಿ ಇದ್ದಿದ್ರ ಒಳಗ ಬೀಳ್ತಿತ್ತು. ಈಗಿಂದೀಗ ಹಚ್ಚು ಅದನ್ನ."

"ಉಳದ ಮೂರು ಮಗ್ಗ ಇಷ್ಟ ವರ್ಷ ಕಂಬಿ ಇಲ್ದನ ಓಡ್ಯಾವ. ಏನಾಗೇತಿ?"

"ಇವತ್ತ ಆಗತಿತ್ತು."

"ಆಗಿಲ್ಲಲ್ಲ? ದೇವರ ಕಣ್ಣ ತಗದಾನ. ನೀ ಬಾಯಿ ಮುಚ್ಚು, ಹಬ್ಬದ ದಿನ."

ಆಗಿಲ್ಲಲ್ಲ. ಈ ಒಂದು ಶಬ್ದವನ್ನು ಆ ದಿನ ನಾನು ಕೇಳಿದಷ್ಟು ಇಡೀ ಜನ್ಮದಲ್ಲಿ ಕೇಳಿಲ್ಲ. ಊಟಕ್ಕೆ ಕೂತಾಗ ಪಕ್ಕದ ಮನೆಯವರು ಬಂದು ಕೇಳಿ, ಆಗಿಲ್ಲಲ್ಲ ಎಂದು ಹೋಳಿಗೆ ತಿಂದರು. ನನ್ನ ಎಲೆಯ ಹೋಳಿಗೆ ಹಾಗೇ ಉಳಿಯಿತು. ಆಗಿದ್ದರೆ ಎಂಬುದು ನನ್ನೊಬ್ಬನ ಪಾಲಿಗೆ ಬಂದಿತ್ತು, ಏಕೆಂದರೆ ಆ ಕಂದು ಗೆರೆ ಎಲ್ಲಿ ಹಾದುಹೋಯಿತೆಂದು ಕಂಡವನು ನಾನೊಬ್ಬನೇ. ಅತ್ತಿಗೆ ಆಗ ನನ್ನ ಕಡೆ ಬಗ್ಗಿದ್ದಳು, ಲಾಳಿಗೆ ಬೆನ್ನಾಗಿದ್ದಳು. ಅವಳಿಗೆ ಗೊತ್ತಾದದ್ದು ಗೋಡೆಯ ತೂತು ಮಾತ್ರ.

ಊಟ ಮುಗಿದು ಅಡಿಕೆ ಹಾಕಿಕೊಳ್ಳುತ್ತ ಗಾಯಕ ಹೇಳಿದ: "ಅರ್ಧಕ್ಕ ನಿಂತೇತಿ, ಹಾಡಿಗೆ ಸಾಲೂದಿಲ್ಲ. ನಾಳೆ ಮುಂಜಾನೆ ಓಣಿ ಏಳೂದರಾಗ ಇನ್ನೊಮ್ಮೆ ತಗೊಂಬಿಡೋಣ. ನಾಳೆ ಅಮಾಸಿನೂ ಇಲ್ಲ, ದೋಷಾನೂ ಇಲ್ಲ. ಹಂಗ ಇರಲಿ ಮಗ್ಗ, ಏನೂ ಮುಟ್ಟಬ್ಯಾಡ್ರಿ."

ಏನೂ ಮುಟ್ಟಬೇಡಿ ಎಂದರೆ ಕಂಬಿ ಹಚ್ಚಬೇಡಿ ಎಂದರ್ಥ. ಅಣ್ಣ ತಲೆ ಆಡಿಸಿದ. ಅತ್ತಿಗೆ, "ನಾಳೆ ಹೋಳಗಿ ಇಲ್ಲ, ಲಗೂ ಮುಗಸ್ರಿ" ಎಂದಳು. ಮೂವರೂ ಒಪ್ಪಿಯಾಗಿತ್ತು. ಅದೇ ಹಗುರ ಲಾಳಿ, ಅದೇ ಜಾಗ, ಅದೇ ಮುಖ. ಈ ಸಲ ಅವಳು ಬಗ್ಗದಿದ್ದರೆ?

ನಾನು ಕೂಗಾಡಿದೆ. ಹಾಡು ಹಾಳಾಗಿ ಹೋಗಲಿ ಎಂದೆ. ಅಣ್ಣ, "ಇಷ್ಟ ದಿನ ಸಪ್ಪಳ ಅಂದ್ರ ಮೂಗ ಮುರೀತಿದ್ದಿ, ಈಗ ಇನ್ನೊಬ್ಬಂವ ನಮ್ಮ ಮಗ್ಗಕ್ಕ ಕಿಮ್ಮತ್ತ ಕೊಟ್ರ ಹೊಟ್ಟಿಕಿಚ್ಚೇನು?" ಎಂದ. ಗಾಯಕ ಸಮಾಧಾನ ಮಾಡುವವನ ಹಾಗೆ ನನ್ನ ಹೆಗಲ ಮೇಲೆ ಕೈಯಿಟ್ಟ. ಆ ಕೈಯನ್ನು ಕೊಡವಿ ಮೇಲೆ ಹೋದೆ.

ನನಗೆ ಉಳಿದಿದ್ದದ್ದು ಒಂದೇ ದಾರಿ. ನಾಳೆಯ ರೆಕಾರ್ಡಿಂಗೇ ಬೇಡ ಅನ್ನುವ ಹಾಗೆ ಡ್ರಮ್ ಮುಗಿಸಿಡುವುದು. ಮುಂಜಾನೆ ಹಿಡಿದ ಅರ್ಧಂಬರ್ಧ ದನಿಯಿಂದ ಒಂದೊಂದೇ ಪೆಟ್ಟು ಕತ್ತರಿಸಿ, ಪರದೆಯ ಮನೆಗಳಲ್ಲಿ ಕೂಡಿಸಿ, ಇಡೀ ಹಾಡಿಗೆ ಸಾಕಾಗುವಷ್ಟು ಮಗ್ಗವನ್ನು ನಾನೇ ನೇಯಬೇಕು. ಮಗ್ಗದ ಮುಂದೆ ಯಾರೂ ನಿಲ್ಲುವ ಅಗತ್ಯವೇ ಇರಬಾರದು.

ಸಂಜೆಗೆ ಕೂತೆ. ಕೇಳಿದಾಗ ಗೊತ್ತಾಯಿತು, ಮೊದಲ ಭಾಗ ಉಪಯೋಗಕ್ಕಿಲ್ಲ. ಕಂಬಿಯ ಗಿರಗಿರ ಅದರಲ್ಲಿ, ಓಣಿಯಲ್ಲಿ ಹೋದ ಬೈಕು ಅದರಲ್ಲಿ. ಚೊಕ್ಕ ಪೆಟ್ಟುಗಳಿದ್ದದ್ದು ಕೊನೆಯ ತುಣುಕಿನಲ್ಲಿ, ಕಂಬಿ ಬಿಚ್ಚಿದ ಮೇಲಿನದರಲ್ಲಿ, ಲಾಳಿ ಹಾರುವುದಕ್ಕೆ ಸ್ವಲ್ಪ ಮುಂಚೆ. ಹೀಗಾಗಿ ಆ ತುಣುಕನ್ನೇ ಸುತ್ತಿಸಿ ಸುತ್ತಿಸಿ ಕೇಳಬೇಕಾಯಿತು. ಲಾಳಿಯನ್ನು ಬಲದಿಂದ ಒದೆಯುವ ಕೋಲಿನ ಪೆಟ್ಟು ಒಣದಾಗಿ, ಚುರುಕಾಗಿತ್ತು. ಅದನ್ನು ಸ್ನೇರ್ ಮಾಡಿದೆ. ಎಡಗೋಲಿನದು ಸ್ವಲ್ಪ ಸಪ್ಪೆ. ಅದನ್ನು ತಟ್ಟೆಯ ಸಾಲಿಗೆ ಹಾಕಿದೆ. ಎಳೆಯನ್ನು ಒತ್ತುವ ಹಲಗೆ ಧಕ್ ಎಂದು ಬಂದು ಕೂರುತ್ತದಲ್ಲ, ಅದು ಕಾಲಿನ ಡ್ರಮ್. ಮಗ್ಗದ ಓಟಕ್ಕೂ ಹಾಡಿನ ಓಟಕ್ಕೂ ಹೊಂದಿಕೆ ಇರಲಿಲ್ಲ. ಪ್ರತಿ ಪೆಟ್ಟನ್ನೂ ಬಿಡಿಸಿ ಹಾಡಿನ ಮನೆಗಳಿಗೆ ತಂದಿಟ್ಟೆ. ಕೆಲವು ಜೋರು, ಕೆಲವು ಮೆತ್ತಗೆ, ಸ್ನೇರನ್ನು ಕೂದಲೆಳೆಯಷ್ಟು ಹಿಂದೆ.

ಒಂದು ಪೆಟ್ಟು ಕತ್ತರಿಸುವಾಗ ಬೆರಳು ತಡವಾದರೆ ಅದರ ಮುಂದಿನದೂ ಬರುತ್ತಿತ್ತು. "ಸಾಕೇನ?" ಎಂಬ ಅತ್ತಿಗೆಯ ದನಿ, ಅದರ ಬೆನ್ನಿಗೇ ಗೋಡೆ. ನಾನು ಪ್ರತಿ ಸಲ ತಲೆ ತಗ್ಗಿಸುತ್ತಿದ್ದೆ. ಕೋಣೆಯಲ್ಲಿ ನಾನೊಬ್ಬನೇ, ಹೆಡ್‌ಫೋನ್ ಹಾಕಿಕೊಂಡು ಕುರ್ಚಿಯ ಮೇಲೆ ಕೂತವನು, ಆದರೂ ಕುತ್ತಿಗೆ ತಾನಾಗಿ ತಗ್ಗುತ್ತಿತ್ತು. ಆ ತುದಿಯನ್ನು ಅಳಿಸಿಬಿಡಬಹುದಿತ್ತು. ಅಳಿಸಲಿಲ್ಲ. ಸಾಕ್ಷಿ ಇರಲಿ ಅನಿಸಿತೋ, ಅಳಿಸಿದರೆ ಇವರೆಲ್ಲ ಹೇಳುವ ಹಾಗೆ ಏನೂ ಆಗಿಯೇ ಇಲ್ಲ ಎಂದಾಗುತ್ತದೆಂಬ ಹಟವೋ, ನನಗೆ ಇನ್ನೂ ತಿಳಿದಿಲ್ಲ.

ಬೆಳಗಾದ ಕೂಡಲೇ, ರಾತ್ರಿ ನಮ್ಮಲ್ಲೇ ಕೆಳಗೆ ಮಲಗಿದ್ದ ಗಾಯಕನನ್ನು ಮೇಲೆ ಕರೆದು ಕೇಳಿಸಿದೆ. ಸ್ಪೀಕರಿನಲ್ಲೇ ಹಾಕಿದೆ. ಹಾಡಿನ ಮೊದಲಿನಿಂದ ಕೊನೆಯ ತನಕ ಮಗ್ಗ ಓಡಿತು. ಅವನು ತಲೆದೂಗುತ್ತ ಪೂರ್ತಿ ಕೇಳಿದ. ಅಷ್ಟರಲ್ಲಿ ಅತ್ತಿಗೆ ಚಹಾದ ಲೋಟ ಹಿಡಿದು ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತಿದ್ದಳು.

"ಛಲೋ ಮಾಡೀದಿ. ಖರೇನ ಛಲೋ ಮಾಡೀದಿ," ಎಂದ. "ಆದ್ರ ಇದು ಜೋಡಿಸಿದ್ದಂತ ನನಗ ಗೊತ್ತೈತಲ್ಲ. ಹಾಡುವಾಗ ನೆನಪಾಗತೈತಿ. ನಡಿ ಕೆಳಗ, ಹತ್ತ ನಿಮಿಷದ ಕೆಲಸ."

"ಯಾರಿಗೂ ಗೊತ್ತಾಗೂದಿಲ್ಲ."

"ನನಗ ಆಗತೈತಿ ಅಂದ್ನೆಲ್ಲ. ಇಲ್ಲಿ ಕೇಳ, ಖರೆ ದನಿ ಅಂದ್ರ ಏನಂತ ತೋರಸ್ತೇನಿ."

ನನ್ನ ಕೈಯಿಂದ ಲ್ಯಾಪ್‌ಟಾಪ್ ಎಳೆದುಕೊಂಡು ನಿನ್ನೆಯ ಮೂಲ ರೆಕಾರ್ಡಿಂಗನ್ನೇ ಹಚ್ಚಿದ. ಕತ್ತರಿಸದ, ಸರಿಸದ ಮಗ್ಗ ಓಡಿತು. ಅವನು ಕಣ್ಣು ಮುಚ್ಚಿದ. ನಾನು ನಿಲ್ಲಿಸಲು ಕೈ ಚಾಚುವಷ್ಟರಲ್ಲಿ ಬಂದುಬಿಟ್ಟಿತು: "ಸಾಕೇನ?" ಮತ್ತು ಗೋಡೆ.

"ಇದು!" ಎಂದ ಗಾಯಕ. "ಈ ಸಾಕೇನ ಅನ್ನೂದನ್ನ ಹಾಡಿನ ಕಡೀಕ ಹಂಗ ಇಡೋಣ. ಅದರ ಹಿಂದ ಆ ಪೆಟ್ಟು. ಮೈ ಜುಮ್ ಅಂತೈತಲೇ!"

ಅತ್ತಿಗೆ ಲೋಟಗಳನ್ನು ಮೇಜಿನ ಮೇಲಿಟ್ಟಳು. "ಅದು ನನ್ನ ದನಿ ಅಲ್ಲೇನು?"

"ನಿಮ್ಮದ ರೀ ಅಕ್ಕಾರ."

"ಇನ್ನೊಮ್ಮೆ ಹಚ್ಚರಿ."

ಹಚ್ಚಿದ. ಅವಳು ತಲೆ ಓರೆ ಮಾಡಿ ಕೇಳಿದಳು. ಇನ್ನೊಮ್ಮೆ ಎಂದಳು. ತನ್ನ ದನಿ ಮುಗಿಯುವುದಕ್ಕೂ ಗೋಡೆಯ ಪೆಟ್ಟಿಗೂ ನಡುವೆ ಎಷ್ಟು ಜಾಗ ಇದೆ ಎಂದು ಹುಡುಕುತ್ತಿದ್ದಾಳೆಂದು ನನಗೆ ಕಂಡಿತು. ಜಾಗವೇ ಇರಲಿಲ್ಲ. ದನಿಯ ಬಾಲ ಇನ್ನೂ ಮುಗಿಯದೆ ಪೆಟ್ಟು ಬೀಳುತ್ತಿತ್ತು.

"ತಮ್ಮಾ," ಎಂದಳು ನನಗೆ, "ನಾ ನಿನ್ನ ಕಡೆ ಬಗ್ಗಲಿಲ್ಲಂದ್ರ ಎಲ್ಲಿ ಬೀಳತಿತ್ತದು?"

ನಾನು ನನ್ನ ಎಡಗಣ್ಣಿನ ಮೇಲೆ ಬೆರಳಿಟ್ಟು ತೋರಿಸಿದೆ.

"ನಿನ್ನೆ ಯಾಕ ಹೇಳಲಿಲ್ಲ?"

"ಹೇಳಿದ್ನೆಲ್ಲ. ಕೂಗಿ ಹೇಳಿದೆ."

"ಕಂಬಿ ಕಂಬಿ ಅಂದಿ. ಕಣ್ಣಂತ ಹೇಳಲಿಲ್ಲ." ಆಮೇಲೆ ಗಾಯಕನತ್ತ ತಿರುಗಿದಳು. ದನಿ ಏರಿರಲಿಲ್ಲ. "ನನ್ನ ತಲಿ ಒಡಿಯೂ ಸಪ್ಪಳ ಹಾಡಿನ ಕಡೀಕ ಇಡ್ತೀರಿ ಹೌದಲ್ಲೋ? ಛಲೋ ಆತು. ಈಗ ನೀವ ಬಂದ ಮಗ್ಗದ ಮುಂದ ನಿಂದರ್ರಿ. ಹಿಡಿಕಿ ಹ್ಯಾಂಗ ಹಿಡಿಯೂದಂತ ತೋರಸ್ತೇನಿ. ನಾ ಇಲ್ಲಿ ಕುಂತ ಕಣ್ಣ ಮುಚ್ಚಿ ಕೇಳ್ತೇನಿ."

"ನನಗ ಮಗ್ಗ ಎಲ್ಲಿ ಬರ್ತೇತರೀ ಅಕ್ಕಾರ..."

"ಬರೂದೇನೈತಿ? ನೇಯೂದಲ್ಲ, ಬರೇ ಸಪ್ಪಳ."

ಅವನ ಬಾಯಿಂದ ಹೊರಟದ್ದು ಅವನಿಗೇ ಬಂದು ತಾಗಿತು. ನಗಲು ನೋಡಿದ, ಯಾರೂ ನಗಲಿಲ್ಲ. ಚಹಾ ಮುಟ್ಟದೆ ಬೈಕಿನ ಕೀಲಿ ಹುಡುಕಿದ. ಬಾಗಿಲಲ್ಲಿ ನನಗೆ, "ಹಾಡ ನಂದು, ನೆನಪಿರಲಿ" ಎಂದ. ಬೇರೆ ಎಲ್ಲಾದರೂ ಮಾಡಿಸುತ್ತಾನಂತೆ. ಮಾಡಿಸಿಕೊಳ್ಳಲಿ. ಪದ ಅವನದು ಖರೆ, ಒಯ್ಯಲಿ. ಮಗ್ಗದ ಪೆಟ್ಟುಗಳನ್ನು ನಾನು ಕೊಡಲಿಲ್ಲ, ಕೊಡುವುದೂ ಇಲ್ಲ.

ಅತ್ತಿಗೆ ಕೆಳಗಿಳಿದು ಹೋಗಿ ಶೆಡ್ಡಿನ ಮೇನ್ ಸ್ವಿಚ್ ಕೆಳಗೆ ಎಳೆದಳು. ಅಣ್ಣ ಹಲ್ಲುಜ್ಜುತ್ತ ಬಂದವನು ಕಂಡು, "ಯಾಕ, ಏನಾತು?" ಎಂದ. ನಾಲ್ಕೂ ಮಗ್ಗಕ್ಕೆ ಕಂಬಿ ಬರುವ ತನಕ ತಾನು ನಿಲ್ಲುವುದಿಲ್ಲ ಎಂದಳು. ನಾಲ್ಕಕ್ಕೂ ಎಂದದ್ದು ಕೇಳಿ ನನಗೇ ಆಶ್ಚರ್ಯವಾಯಿತು. ನಾನು ಜಗಳ ಆಡಿದ್ದು ಒಂದಕ್ಕೆ.

"ಇವನ ಹುಚ್ಚ ನಿನಗೂ ಹತ್ತಿತೇನ ಬೇ? ಎಳಿ ಹರದ್ರ ಕೈ ಎಲ್ಲಿ ಹಾಕ್ತಿ? ತಾಸಿಗೊಮ್ಮೆ ಕಂಬಿ ಬಿಚ್ಚಕೋತ ಕುಂದರತೀಯೇನು? ಸೀರಿ ಎಂದ ಮುಗೀಬೇಕು?"

"ತಡಾ ಆದ್ರ ಆಗಲಿ. ಇಲ್ಲಂದ್ರ ನೀನ ನಿಂದರು."

ಅಣ್ಣ ಬೈದ. ಅವಳ ತವರನ್ನು ಬೈದ, ನನ್ನ ಗಿಟಾರನ್ನು ಬೈದ, ಮೇಲಿನ ಕೋಣೆಗೆ ಬೀಗ ಹಾಕುತ್ತೇನೆಂದ. ಸ್ವಿಚ್ಚಿನ ಕಡೆ ಹೋದ. ಅವಳು ಅದರ ಮುಂದೆ ಹೋಗಿ ನಿಂತಳು. ಸುತ್ತಲ ಮನೆಗಳಲ್ಲಿ ಮಗ್ಗಗಳು ಒಂದೊಂದಾಗಿ ಎದ್ದವು, ನಮ್ಮ ಶೆಡ್ಡೊಂದು ಸತ್ತ ಹಾಗೆ ಇತ್ತು. ಅವಳು ಹೊಸ್ತಿಲ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡತೊಡಗಿದಳು. ಅಣ್ಣ ನೂಲಿನ ಗಂಟುಗಳನ್ನು ಅಲ್ಲಿಂದಿಲ್ಲಿಗೆ ಇಟ್ಟ, ಇಲ್ಲಿಂದಲ್ಲಿಗೆ ಇಟ್ಟ. ಬಾಗಿಲಲ್ಲಿ ಯಾರೋ ಇಣುಕಿ, ಇವತ್ತೂ ಅಮಾಸಿ ಏನರೀ ನಿಮಗ ಎಂದು ಕೇಳಿ ಹೋದರು. ಅದಕ್ಕೆ ಅಣ್ಣ ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲಾಗದು.

ಬಿಸಿಲು ಏರಿದ ಮೇಲೆ ಅವನು ನೆಲದ ಮೇಲಿನ ಕಂಬಿಯನ್ನು ಎತ್ತಿ ಧೂಳು ಒರೆಸಿದ. ಅಳತೆಗೆಂದು ಅದನ್ನು ಬೈಕಿನ ಹಿಂದೆ ಕಟ್ಟಿದ, ವೆಲ್ಡಿಂಗಿನವನ ಹತ್ತಿರ ಒಯ್ಯಲು. ಕಿಕ್ ಹೊಡೆಯುವ ಮೊದಲು ಮೆಟ್ಟಿಲ ಮೇಲೆ ನಿಂತಿದ್ದ ನನ್ನನ್ನು ನೋಡಿದ.

"ಆತೇನ ನಿನಗ ಸಮಾಧಾನ?"

"ಇಲ್ಲ," ಎಂದೆ.

ಖರೇನೇ ಆಗಿರಲಿಲ್ಲ.